ಯಿಡಕಿಯ ನಾಡಿನಲ್ಲಿ

ಆಸ್ಟ್ರೇಲಿಯವೆಂದೊಡನೆ ನಮ್ಮ ವಾಚಕರ ಮನಸ್ಸಿಗೆ ಕುರಿಯ ಉಣ್ಣೆಯೂ ಕಾಂಗರೂ ಮೃಗವೂ ಕ್ರಿಕೆಟ್ ಪಂದ್ಯವೂ ಮೊದಲು ತೋರುವುವು. ಆ ಖಂಡಕ್ಕೆ ತನ್ನದೇ ಆದ ಒಂದು ಸುಷಿರವಾದ್ಯವುಂಟು. ಅದರ ಕೊಳವೆಯನ್ನು ಯಾವ ಬಡಗಿಯೂ ಕೊರೆಯುವುದಿಲ್ಲ, ಗೆದ್ದಲು ಕೊರೆಯುವುದು. ಲೋಕವೆಲ್ಲ ಅದನ್ನು ಡಿಜರಿಡೂ ಎಂದು ಕರೆಯುತ್ತದೆ. ಈ ಹೆಸರು ವಾದ್ಯವನ್ನು ಹುಟ್ಟಿಸಿದವರು ಇಟ್ಟುದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಿಳಿಯ ವಲಸೆಗಾರರು ಅದರ ನಾದವನ್ನು ಕೇಳಿ ಕಿವಿಗೆ ತೋಚಿದಂತೆ ಮಾಡಿಕೊಂಡ ಅನುಕರಣ ಶಬ್ದ. ಹುಟ್ಟಿದ ಮನೆಯಲ್ಲಿ ಅದಕ್ಕೆ ಭಾಷೆಗೊಂದು ಹೆಸರು. ಅರ್ನಮ್ ಲ್ಯಾಂಡ್ ಎಂಬ ಉತ್ತರದ ಸೀಮೆಯಲ್ಲಿ, ಈಶಾನ್ಯ ಭಾಗದ ಯೋಲ್ಙು ಜನರು ಯಿಡಕಿ ಎನ್ನುವರು. ಪಶ್ಚಿಮ ಭಾಗದವರು ಮಾಗೊ ಎನ್ನುವರು. ಯಿಡಕಿಯ ‘ಡ’ಕಾರವನ್ನು ರೋಮನ್ ಲಿಪಿಯಲ್ಲಿ ಬರೆಯಬೇಕಾದರೆ ಅಕ್ಷರದ ಕೆಳಗೊಂದು ಗೆರೆ ಎಳೆಯಬೇಕು, ಯೋಲ್ಙು ಎಂಬುದಕ್ಕೆ ಬಾಲವುಳ್ಳ ಬೇರೊಂದು ಅಕ್ಷರವನ್ನು ತರಬೇಕು. ನಮಗೆ ಆ ತೊಂದರೆಯಿಲ್ಲ. ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ನಮ್ಮ ‘ಙ’ಕಾರಕ್ಕೆ ಆ ಸೀಮೆಯಲ್ಲಿ ದಿನವೆಲ್ಲ ಕೆಲಸ.

ಈ ವಾದ್ಯವನ್ನು ನಾವು ಮೊದಲು ಕೇಳಿದುದು ಅದರ ನಾಡಿನಲ್ಲಲ್ಲ, ಅಲ್ಲಿಂದ ಸುಮಾರು 1,750 ಮೈಲಿ ದೂರದ ಸಿಡ್ನಿ ನಗರದಲ್ಲಿ. ದೋಣಿಗಳು ಬಂದು ನಿಲ್ಲುವ ಸರ್ಕ್ಯುಲರ್ ಕೀ ಎಂಬ ಹಡಗುಕಟ್ಟೆಯ ಬಳಿ ಒಬ್ಬ ತರುಣನು ಮೈಗೆ ಬಿಳಿಯ ಮಣ್ಣು ಬಳಿದುಕೊಂಡು ನೆಲದ ಮೇಲೆ ಕುಳಿತಿದ್ದನು. ಕೊಳವೆಯ ಬಾಯಿಯ ಮುಂದೆ ಧ್ವನಿವರ್ಧಕವಿತ್ತು. ಪಕ್ಕದಲ್ಲಿ ಯಂತ್ರವೊಂದು ಮದ್ದಳೆಯ ಗತಿಯನ್ನು ತಾನೇ ಬಾರಿಸುತ್ತಿತ್ತು. ಅವನು ಊದುತ್ತ ಊದುತ್ತ ಕೂಕಬುರ್ರ ಹಕ್ಕಿಯಂತೆ ನಕ್ಕನು, ಕಾಡುನಾಯಿಯಂತೆ ಬೊಗಳಿದನು, ಕಾಂಗರೂ ನೆಗೆಯುವ ಸದ್ದು ಮಾಡಿದನು. ಕಾಲುಗಂಟೆ ನಾದ ಎಲ್ಲಿಯೂ ಕಡಿಯಲಿಲ್ಲ. ನೆರೆದ ಜನರು ಕೈತಟ್ಟಿ ನಾಣ್ಯವೆಸೆದರು. ನಮಗೂ ಅದು ರಮಣೀಯವಾಗಿಯೇ ತೋರಿತು. ಆದರೆ ಸಿಡ್ನಿಯ ಸುತ್ತಣ ಮೂಲನಿವಾಸಿಗಳ ಪೂರ್ವಿಕರು ಈ ವಾದ್ಯವನ್ನು ಊದಿದವರಲ್ಲವೆಂದೂ, ಖಂಡದ ಉತ್ತರ ತುದಿಯನ್ನು ಬಿಟ್ಟರೆ ಹಿಂದೆ ಬೇರೆಲ್ಲಿಯೂ ಇದರ ಬಳಕೆಯಿರಲಿಲ್ಲವೆಂದೂ ತಿಳಿದಮೇಲೆ, ಬೇರಿರುವ ಕಡೆಗೇ ಹೋಗಿ ಕೇಳಬೇಕೆಂಬ ಆಸೆ ಹುಟ್ಟಿತು.

ಹೊರಡುವ ಮುನ್ನ ಅಂಗಡಿಬೀದಿಯ ವಿಷಯವಾಗಿ ಒಂದು ಮಾತು. ಅಲ್ಲಿ ಸಾಲಾಗಿ ನಿಲ್ಲಿಸಿರುವ ಬಣ್ಣಬಣ್ಣದ ಕೊಳವೆಗಳ ಮೇಲೆ ‘ನಲವತ್ತು ಸಾವಿರ ವರ್ಷದ ವಾದ್ಯ’ ಎಂಬ ಚೀಟಿ ಅಂಟಿಸಿರುವುದುಂಟು. ಮೂಲನಿವಾಸಿಗಳು ಆ ಖಂಡದಲ್ಲಿ ಅದಕ್ಕಿಂತಲೂ ಹಿಂದಿನಿಂದ ಇರುವರೆಂಬುದು ನಿಜವೇ. ಆದರೆ ಈ ವಾದ್ಯವನ್ನು ಊದುತ್ತಿರುವವರ ಶಿಲಾಚಿತ್ರಗಳು ವಿದ್ವಾಂಸರ ಎಣಿಕೆಯಂತೆ ಕಳೆದ ಒಂದೂವರೆ ಸಾವಿರ ವರ್ಷಗಳೊಳಗಿನವು. ನಮ್ಮ ಲೆಕ್ಕದಲ್ಲಿ ಅದೂ ಕಡಮೆಯ ವಯಸ್ಸಲ್ಲ; ಕದಂಬರ ಕಾಲದಷ್ಟು ಹಳೆಯದಾದುದಕ್ಕೆ ಸುಳ್ಳು ವಯಸ್ಸನ್ನು ಸೇರಿಸಿ ಮಾರುವುದೇಕೆ? ವಂಚನೆ ವಯಸ್ಸಿನಲ್ಲಿ ಮಾತ್ರ ನಿಲ್ಲಲಿಲ್ಲ. ಇಂಡೊನೇಷ್ಯದಲ್ಲಿ ಮಾಡಿಸಿದ ಬೂಮರಾಂಗು, ಡಿಜರಿಡೂ ಮುಂತಾದವನ್ನು ಮೂಲನಿವಾಸಿಗಳ ಕೈಕೆಲಸವೆಂಬಂತೆ ಮಾರಿದ ಒಂದು ಸಗಟು ವ್ಯಾಪಾರದ ಕಂಪನಿಗೆ 2019ರಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಲಯವು 23 ಲಕ್ಷ ಡಾಲರು ದಂಡ ವಿಧಿಸಿತು.

ಡಾರ್ವಿನ್ ಪಟ್ಟಣದವರೆಗೆ ಒಂದು ವಿಮಾನ, ಅಲ್ಲಿಂದ ಪೂರ್ವಕ್ಕೆ ನಲನ್‌ಬಾಯ್ ಎಂಬ ಊರಿಗೆ ಇನ್ನೊಂದು ವಿಮಾನ. ಕೆಳಗೆ ನೋಡಿದರೆ ಕಾಡು, ನದಿ, ಮತ್ತೆ ಕಾಡು. ಅರ್ನಮ್ ಲ್ಯಾಂಡಿನ ವಿಸ್ತಾರ ಸುಮಾರು 37,000 ಚದರ ಮೈಲಿ. 1931ರಲ್ಲಿ ಸರ್ಕಾರವು ಅದನ್ನು ಮೂಲನಿವಾಸಿಗಳಿಗಾಗಿ ಮೀಸಲಿರಿಸಿತು. ನಲನ್‌ಬಾಯ್ ಊರು 1970ರ ಸುಮಾರಿಗೆ ಬಾಕ್ಸೈಟ್ ಗಣಿಗಾಗಿ ಕಟ್ಟಿದುದು; ನೆಲ ನಮ್ಮ ಜಂಬಿಟ್ಟಿಗೆಯಂತೆ ಕೆಂಪು. ಅಲ್ಲಿಂದ ಹನ್ನೆರಡು ಮೈಲಿಯೊಳಗೆ ಸಮುದ್ರದ ದಂಡೆಯಲ್ಲಿ ಯಿರ್ಕಲ ಎಂಬ ಯೋಲ್ಙು ಜನರ ಹಳ್ಳಿಯಿದೆ. ಗಣಿ ಬರುವುದೆಂದು ತಿಳಿದ ಆ ಹಳ್ಳಿಯವರು 1963ರಲ್ಲಿ ಮರದ ತೊಗಟೆಯ ಮೇಲೆ ತಮ್ಮ ಕುಲಚಿತ್ರಗಳನ್ನು ಬರೆದು, ನಡುವೆ ಮನವಿಯನ್ನಂಟಿಸಿ, ರಾಜಧಾನಿಯ ಪಾರ್ಲಿಮೆಂಟಿಗೆ ಕಳುಹಿಸಿದರು. 1971ರಲ್ಲಿ ನ್ಯಾಯಾಲಯದಲ್ಲಿ ಸೋತರು. ಆದರೂ ಆ ಸೋಲಿನಿಂದ ಎದ್ದ ಚರ್ಚೆಯೇ 1976ರ ಭೂಹಕ್ಕಿನ ಶಾಸನಕ್ಕೆ ದಾರಿಯಾಯಿತು. ಈ ಸಂಗತಿಯನ್ನು ಹೇಳಲು ಕಾರಣವುಂಟು: ಆ ಜನರಿಗೆ ನೆಲದ ಹಕ್ಕೂ ಹಾಡಿನ ಹಕ್ಕೂ ಬೇರೆಬೇರೆಯಲ್ಲ. ಯಾವ ಹೊಳೆ, ಯಾವ ಬಂಡೆ, ಯಾವ ಮೀನು ಯಾವ ಕುಲದ್ದೆಂಬುದನ್ನು ಅವರ ಹಾಡುಗಳೇ ಹೇಳುವುವು. ಹಾಡೇ ಅವರ ಪಹಣಿ.

ಕಡಲ ದಂಡೆಯಲ್ಲಿ ಹಲವೆಡೆ ಹುಣಸೆಯ ಮರಗಳಿರುವುವು. ಪರದೇಶದಲ್ಲಿ ಹುಣಸೆಯನ್ನು ಕಂಡ ನಮಗಾದ ಸಂತೋಷವನ್ನು ನಮ್ಮ ಗೃಹಿಣಿಯರು ಊಹಿಸಬಲ್ಲರು. ಸೆಲೆಬೀಸ್ ದ್ವೀಪದ ಮಕಸ್ಸಾರಿನಿಂದ ಸಮುದ್ರಸೌತೆಯೆಂಬ ಜಲಜಂತುವನ್ನು ಹಿಡಿಯಲು ಬರುತ್ತಿದ್ದ ನಾವಿಕರು ತಂದ ಬೀಜದಿಂದ ಬೆಳೆದವು ಅವು. 1907ರಲ್ಲಿ ಅವರ ಬರವು ನಿಂತಿತು, ಮರಗಳು ನಿಂತಿವೆ.

ಯಿರ್ಕಲದಲ್ಲಿ ನಮಗೆ ದಾರಿ ತೋರಿದವರು ಯಿಡಕಿಯನ್ನು ಮಾಡುವ ಒಬ್ಬ ವೃದ್ಧರು. ಅವರ ಜೊತೆಗೆ ಹತ್ತು ಹನ್ನೊಂದರ ಹುಡುಗನೊಬ್ಬನಿದ್ದನು. ಅವನು ಮುದುಕರನ್ನು ‘ಮಾರಿ’ ಎಂದು ಕರೆದಾಗ ನಮ್ಮವರಲ್ಲೊಬ್ಬರಿಗೆ ನಗು ತಡೆಯಲಾಗಲಿಲ್ಲ. ಅವರ ಭಾಷೆಯಲ್ಲಿ ತಾಯಿಯ ತಾಯಿಗೂ ಅವಳ ಸೋದರನಿಗೂ ಅದೇ ಹೆಸರು. ಅದರ ಅರ್ಥ ನಮ್ಮಲ್ಲಿ ಏನೆಂದು ಹೇಳಿದಾಗ ಮುದುಕರು ನಮಗಿಂತ ಹೆಚ್ಚು ನಕ್ಕರು.

ಕಾಡಿನಲ್ಲಿ ಅವರು ಎತ್ತರವಾದ ಮರಗಳನ್ನು ಬಿಟ್ಟು, ತೊಡೆಗಾತ್ರಕ್ಕೂ ಕಿರಿದಾದ ಎಳೆಯ ಮರಗಳನ್ನು ನೋಡುತ್ತ ನಡೆದರು. ಇದು ನೀಲಗಿರಿಯ ಜಾತಿಯ ಮರ. ಯೋಲ್ಙು ಭಾಷೆಯಲ್ಲಿ ಗಡಯ್ಕ. ಅದರ ನಡುವಿನ ಸತ್ತ ತಿರುಳನ್ನು ಗೆದ್ದಲು ತಿನ್ನುವುದು, ಹೊರಗಿನ ಜೀವಂತ ಮರವನ್ನು ಮುಟ್ಟದು. ಮುದುಕರು ಕೊಡಲಿಯ ಹಿಂಬದಿಯಿಂದ ಮೆಲ್ಲನೆ ತಟ್ಟಿ, ಕಿವಿಯಿಟ್ಟು, ಮುಂದಕ್ಕೆ ಹೋಗುತ್ತಿದ್ದರು. ನಮ್ಮಲ್ಲಿ ಹಲಸಿನ ಹಣ್ಣು ಕೊಳ್ಳುವವರು ತಟ್ಟಿ ನೋಡುವಂತೆಯೇ. ಇಪ್ಪತ್ತು ಮೂವತ್ತು ಮರಗಳನ್ನು ಬಿಟ್ಟಮೇಲೆ ಒಂದನ್ನು ಕಡಿದರು. ತುದಿ ಸಣ್ಣಗೆ, ಬುಡ ದಪ್ಪಗೆ ಟೊಳ್ಳಾಗಿರಬೇಕು. ಗೋಡೆ ತೀರ ದಪ್ಪವಾದರೆ ನಾದ ಏಳದು, ತೀರ ತೆಳುವಾದರೆ ಮರ ಸೀಳುವುದು. ನಾಲ್ಕರಿಂದ ಐದಡಿಯ ತುಂಡು ಮಾಡಿ, ತೊಗಟೆ ಸುಲಿದು, ಒಳಗಿನ ಮಣ್ಣನ್ನು ಕೋಲಿನಿಂದ ಕುಟ್ಟಿ ಕೆಡವಿ, ಊದುವ ಬಾಯಿ ಒರಟಾಗಿದ್ದರೆ ಕಾಡುಜೇನಿನ ಮೇಣವನ್ನು ಮೆತ್ತುವರು. ಬಣ್ಣ ಹಚ್ಚುವುದು ಆಮೇಲಿನ ಮಾತು. ಹಚ್ಚಿದರೆ ಆ ಚಿತ್ರವೂ ಕುಲದ್ದೇ, ಮನಬಂದಂತೆ ಬರೆಯುವಂತಿಲ್ಲ.

ಸಂಜೆ ಕೇಳಿದ ವಾದನವು ಸಿಡ್ನಿಯಲ್ಲಿ ಕೇಳಿದುದಕ್ಕೆ ಎಷ್ಟು ಬೇರೆಯಾಗಿತ್ತೆಂಬುದನ್ನು ಹೇಗೆ ಬರೆಯೋಣ? ಮೊದಲನೆಯದಾಗಿ, ಅಲ್ಲಿ ಯಿಡಕಿಯವನು ಮುಖ್ಯನಲ್ಲ. ಗಾಯಕನೇ ಯಜಮಾನ. ಅವನ ಕೈಯಲ್ಲಿ ಬಿಲ್ಮವೆಂಬ ಎರಡು ಗಟ್ಟಿಮರದ ಕೋಲುಗಳು. ಅವನ್ನು ಒಂದಕ್ಕೊಂದು ತಟ್ಟಿ ಲಯವನ್ನು ಹಿಡಿದು ಅವನು ಕುಲದ ಹಾಡನ್ನು, ಅಂದರೆ ಮನಿಕಾಯನ್ನು, ಎತ್ತಿಕೊಳ್ಳುವನು. ಯಿಡಕಿಯವನು ಕಾಲುಚಾಚಿ ಕುಳಿತು ಅದನ್ನು ಅನುಸರಿಸುವನು. ಒಂದೊಂದು ಹಾಡು ಒಂದೆರಡು ನಿಮಿಷದ್ದು. ಮುಗಿಯುವಾಗ ಥಟ್ಟನೆ ನಿಲ್ಲುವುದು. ಒಂದು ಹಾಡು ಮೋಡದ್ದು, ಮತ್ತೊಂದು ಕೊಕ್ಕರೆಯದು, ಇನ್ನೊಂದು ಉಪ್ಪುನೀರು ಸಿಹಿನೀರನ್ನು ಸೇರುವ ಸ್ಥಳದ್ದು. ಪ್ರತಿಯೊಂದಕ್ಕೂ ಗೊತ್ತಾದ ಬಡಿತವಿದೆ; ಯಿಡಕಿಯವನು ಅದನ್ನು ಬದಲಿಸಿದರೆ ಹಾಡು ಬೇರೆಯಾದಂತೆ.

ಎರಡನೆಯದು ನಾಲಗೆಯ ಕೆಲಸ. ಯೋಲ್ಙು ವಾದಕನು ಕೊಳವೆಯೊಳಗೆ ಊದುವುದಿಲ್ಲ, ಮಾತಾಡುತ್ತಾನೆಂದರೆ ಸರಿ. ಆ ಹುಡುಗನು ವಾದ್ಯವನ್ನು ಕೈಗೆತ್ತಿಕೊಳ್ಳುವ ಮೊದಲು ಪಾಠವನ್ನು ಬಾಯಲ್ಲಿ ಒಪ್ಪಿಸಿದನು. ದಂತ್ಯವೂ ಮೂರ್ಧನ್ಯವೂ ಕೂಡಿದ ಆ ಸೊಲ್ಲುಗಳನ್ನು ಕೇಳಿದಾಗ ನಮಗೆ ಮೃದಂಗದ ಪಾಠಶಾಲೆಯ ನೆನಪಾಯಿತು. ನಾಲಗೆಯನ್ನು ಮಡಿಸಿ ಟ ಡ ಣ ಎನ್ನಲು ಬಾರದ ಪರದೇಶಿಗಳು ಈ ವಾದನದ ಗಡಸುತನವನ್ನು ಹಿಡಿಯಲು ತಿಣುಕುವರೆಂದು ಮುದುಕರು ಹೇಳಿದರು. ಕನ್ನಡಿಗರ ನಾಲಗೆಗೆ ಆ ಮಟ್ಟಿಗೆ ಪುಣ್ಯವುಂಟು. ಆದರೂ ನಮ್ಮ ಪ್ರಯತ್ನದಿಂದ ಹೊರಟುದು ಎಮ್ಮೆಯ ಕೂಗು.

ಉಸಿರಿನ ವಿಷಯವೂ ಹಾಗೆಯೇ. ಕೆನ್ನೆಯಲ್ಲಿ ಗಾಳಿಯನ್ನು ತುಂಬಿಕೊಂಡು ಅದನ್ನು ಹಿಂಡುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನೆಳೆಯುವ ವಿದ್ಯೆ ನಮ್ಮಲ್ಲಿಯೂ ಉಂಟು. ನಾಗಸ್ವರದ ಮೇಳದಲ್ಲಿ ಒತ್ತು ಹಿಡಿಯುವವನೂ ಪುಂಗಿಯೂದುವ ಹಾವಾಡಿಗನೂ ಅದನ್ನು ಬಲ್ಲರು. ಆದರೆ ಒತ್ತಿನವನು ಉಸಿರೆಳೆದುದನ್ನು ಯಾರಿಗೂ ತಿಳಿಯದಂತೆ ಮರೆಮಾಡುವನು. ಯಿಡಕಿಯವನು ಅದನ್ನೇ ತಾಳದ ಒಂದು ಪೆಟ್ಟಾಗಿ ಮಾಡಿಕೊಳ್ಳುವನು. ಊದುವಾಗ ಒಂದು ಬಣ್ಣ, ಎಳೆಯುವಾಗ ಇನ್ನೊಂದು ಬಣ್ಣ. ಈ ಎರಡರ ಸರದಿಯಿಂದಲೇ ನಡೆ ಹುಟ್ಟುವುದು. 2005ರಲ್ಲಿ ಆಸ್ಟ್ರೇಲಿಯದ ಭೌತವಿಜ್ಞಾನಿಗಳು ಇದನ್ನು ಅಳೆದು, ವಾದಕನ ಬಾಯಿ ಗಂಟಲುಗಳ ಅನುರಣನವು ನಾದದ ಕೆಲವು ಅಂಶಗಳನ್ನು ಅಡಗಿಸಿ ಉಳಿದವನ್ನು ಸ್ವರಾಕ್ಷರಗಳಂತೆ ಮೇಲೆತ್ತುವುದೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರ ಮೇಲೆ ಈಶಾನ್ಯದವರ ವಿಶೇಷವೊಂದುಂಟು. ಕೆಳಗಿನ ಗಂಭೀರವಾದ ಶ್ರುತಿಯ ನಡುವೆ ತುಟಿಯನ್ನು ಬಿಗಿಹಿಡಿದು, ಕಹಳೆಯಂತೆ ಮೇಲಿನದೊಂದು ಸ್ವರವನ್ನು ಥಟ್ಟನೆ ಹಾರಿಸುವರು. ನರ್ತಕರ ಕಾಲು ಆ ಸ್ವರಕ್ಕಾಗಿಯೇ ಕಾದಿರುವಂತೆ ಕಾಣುವುದು.

ಯೋಲ್ಙು ಜನರಲ್ಲಿ ಎಲ್ಲವೂ ಧುವ, ಯಿರಿಚ ಎಂಬ ಎರಡು ಪಾಲಿಗೆ ಸೇರಿದುದು: ಮನುಷ್ಯರು, ಮರಗಳು, ಗಾಳಿ, ಹಾಡು. ನಮ್ಮ ಸಗೋತ್ರ ನಿಷೇಧದಂತೆ, ಒಂದು ಪಾಲಿನವರು ಇನ್ನೊಂದರಲ್ಲೇ ಮದುವೆಯಾಗಬೇಕು. ಹೆಂಗಸರು ಕುಣಿಯುವರು, ಮಿಲ್ಕರಿ ಎಂಬ ಅಳುವಿನ ಹಾಡನ್ನು ಹಾಡುವರು. ಆದರೆ ವಿಧಿಗಳಲ್ಲಿ ಯಿಡಕಿ ಊದುವವರು ಗಂಡಸರೇ. 2008ರಲ್ಲಿ ಆಸ್ಟ್ರೇಲಿಯದ ಹೆಣ್ಣುಮಕ್ಕಳಿಗಾಗಿ ಹೊರಟ ಪುಸ್ತಕವೊಂದರಲ್ಲಿ ಈ ವಾದ್ಯವನ್ನು ಊದುವ ಪಾಠವಿದ್ದುದಕ್ಕೆ ಮೂಲನಿವಾಸಿಗಳಲ್ಲಿ ಕೆಲವರು ಆಕ್ಷೇಪಿಸಿ, ಪ್ರಕಾಶಕರು ಕ್ಷಮೆ ಕೇಳಿದರು. ಆದರೂ ವಿಧಿಗಳ ಹೊರಗೆ ಹೆಂಗಸರು ಊದಿದ ಸಂಗತಿಗಳು ಉತ್ತರದಲ್ಲಿಯೇ ದಾಖಲಾಗಿವೆಯೆಂದು ಸಂಗೀತಶಾಸ್ತ್ರಜ್ಞರು ತೋರಿಸಿರುವರು. ನಿಷೇಧವು ದಕ್ಷಿಣದಲ್ಲಿ, ವಾದ್ಯವೇ ಇಲ್ಲದಿದ್ದ ಕಡೆ, ಹೆಚ್ಚು ಕಟ್ಟುನಿಟ್ಟಾಗಿರುವುದು ವಿಚಿತ್ರ.

ಮುಂದೆ ನಾವು ಪಶ್ಚಿಮಕ್ಕೆ, ಕ್ಯಾಥರಿನ್ ಪಟ್ಟಣದಿಂದ ಸುಮಾರು ಎಪ್ಪತ್ತು ಮೈಲಿಯ ಬೆಸ್ವಿಕ್ ಎಂಬ ಹಳ್ಳಿಗೆ ಹೋದೆವು. ಅಲ್ಲಿಯದು ಮಾಗೊ. ಅದು ಯಿಡಕಿಗಿಂತ ಗಿಡ್ಡ, ನಾದ ಮೃದು. ಕಹಳೆಯ ಸ್ವರವನ್ನು ಅಲ್ಲಿಯವರು ಹಾರಿಸುವುದಿಲ್ಲ. ಅದಕ್ಕೆ ಬದಲು ಗಂಟಲಲ್ಲಿ ಗುನುಗುತ್ತ ಶ್ರುತಿಯೊಡನೆ ಧ್ವನಿಯನ್ನು ಬೆರೆಸುವರು. ಈ ಭೇದವನ್ನು ಆಲಿಸ್ ಮಾಯ್ಲ್ ಎಂಬ ವಿದುಷಿಯು 1960ರ ದಶಕದ ಧ್ವನಿಮುದ್ರಣಗಳ ಆಧಾರದಿಂದ ವಿಂಗಡಿಸಿ ತೋರಿಸಿದಳು. ಆದುದರಿಂದ ‘ಹಳೆಯ ಶೈಲಿ’ ಎಂದು ಒಂದೇ ಮಾತಿನಲ್ಲಿ ಹೇಳುವವರು ಹಿಂದುಸ್ತಾನಿಯನ್ನೂ ಕರ್ನಾಟಕ ಸಂಗೀತವನ್ನೂ ಒಂದೇ ಎಂದವರಂತೆ. ಇನ್ನೂ ಪಶ್ಚಿಮದ ಡೇಲಿ ನದಿಯ ಸೀಮೆಯಲ್ಲಿ ವಾಂಗ ಎಂಬ ಹಾಡುಗಳಿವೆ. ಅವನ್ನು ಸತ್ತವರ ಆತ್ಮಗಳು ಕನಸಿನಲ್ಲಿ ಬಂದು ಗಾಯಕನಿಗೆ ಕೊಡುವುವೆಂದು ನಂಬಿಕೆ. ಬೆಸ್ವಿಕ್‌ನ ಡೇವಿಡ್ ಬ್ಲನಾಸಿಯೆಂಬ ಮಾಗೊ ವಾದಕರು 1967ರಲ್ಲಿ ಲಂಡನ್ನಿನ ಟೆಲಿವಿಷನ್ನಿನಲ್ಲಿ ಊದಿ ಹೊರಲೋಕಕ್ಕೆ ಈ ನಾದವನ್ನು ಕೇಳಿಸಿದವರಲ್ಲಿ ಮೊದಲಿಗರು. 2001ರಲ್ಲಿ ಅವರು ಕಾಡಿಗೆ ಹೋದವರು ಹಿಂದಿರುಗಲಿಲ್ಲ. ಊರಿನ ಕಲಾಕೇಂದ್ರದಲ್ಲಿ ಅವರ ಹೆಸರಿನ ಚಿತ್ರಸಂಗ್ರಹವಿದೆ.

ಇನ್ನು ಹೊಸ ಶೈಲಿ. ಅದನ್ನು ಹೊರಗಿನವರೇ ತಂದರೆಂದು ತಿಳಿಯಬಾರದು. ಯಿರ್ಕಲದ ತರುಣರು 1930ರ ದಶಕದಿಂದಲೇ ವಿನೋದಕ್ಕಾಗಿ ಜಾತ್ಪಂಗರಿ ಎಂಬ ಹೊಸ ಬಗೆಯ ಹಾಡುಗಳನ್ನು ಕಟ್ಟಿ ಯಿಡಕಿಯೊಡನೆ ಹಾಡುತ್ತಿದ್ದರು. ಅವರ ಮುಂದಿನ ಪೀಳಿಗೆಯವರೇ 1986ರಲ್ಲಿ ಯೋತು ಯಿಂಡಿ ಎಂಬ ಮೇಳವನ್ನು ಕಟ್ಟಿ, ವಿದ್ಯುತ್ ಗಿಟಾರಿನ ಪಕ್ಕದಲ್ಲಿ ಯಿಡಕಿಯನ್ನು ನಿಲ್ಲಿಸಿದರು. 1991ರಲ್ಲಿ ಹೊರಬಂದ ‘ಟ್ರೀಟಿ’ ಎಂಬ ಅವರ ಹಾಡು ದೇಶವನ್ನೆಲ್ಲ ಸುತ್ತಿತು. ಸರ್ಕಾರವು ಒಪ್ಪಂದ ಮಾಡಿಕೊಳ್ಳುವೆನೆಂದು ಮಾತುಕೊಟ್ಟು ನಡೆಸಲಿಲ್ಲವೆಂಬುದು ಅದರ ವಿಷಯ. ಪಾಶ್ಚಾತ್ಯ ವಾದ್ಯಗೋಷ್ಠಿಯವರೂ ಈ ನಾದಕ್ಕೆ ಮರುಳಾದರು. 1971ರಲ್ಲಿ ಜಾರ್ಜ್ ಡ್ರೈಫಸ್ ಎಂಬವರು ಐದು ಸುಷಿರವಾದ್ಯಗಳ ಜೊತೆಗೆ ಇದನ್ನು ಸೇರಿಸಿ ಕೃತಿಯೊಂದನ್ನು ರಚಿಸಿದರು. ಊದಿದವರು ಗೋಲ್‌ಬರ್ನ್ ದ್ವೀಪದ ಜಾರ್ಜ್ ವಿನುಂಗುಜ್. 2004ರಲ್ಲಿ ಪೀಟರ್ ಸ್ಕಲ್‌ಥಾರ್ಪ್ ತಮ್ಮ ‘ರೆಕ್ವಿಯಂ’ ಕೃತಿಯಲ್ಲಿ ಗಾಯಕವೃಂದದೊಡನೆ ಇದನ್ನಿರಿಸಿದರು. ಅದರ ವಾದಕ ವಿಲಿಯಂ ಬಾರ್ಟನ್ ಕ್ವೀನ್ಸ್‌ಲೆಂಡಿನ ಕಲ್ಕಡುಂಗ ಕುಲದವರು. 1981ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಮನೆತನದ ಹಿರಿಯರಿಂದ ಕಲಿತವರು. ಅವರು ನಿಂತು ಊದುವಾಗ ಅದು ಹಿನ್ನೆಲೆಯಲ್ಲ. ಇಡೀ ವಾದ್ಯಗೋಷ್ಠಿಯೇ ಅದಕ್ಕೆ ಹಿನ್ನೆಲೆ.

ಪರದೇಶಿಗಳ ಸಾಹಸಗಳನ್ನು ಹೇಳುತ್ತ ಹೋದರೆ ಮುಗಿಯದು. ಗ್ರಹಾಂ ವಿಗಿನ್ಸ್ ಎಂಬ ಭೌತವಿಜ್ಞಾನಿ ಕ್ಲಾರಿನೆಟ್ಟಿನಂತೆ ಕೀಲಿಗಳಿರುವ ಕೊಳವೆಯನ್ನು ಮಾಡಿದನು. ಎಳೆಯ ವಯಸ್ಸಿನಲ್ಲಿ ಒಂದು ಕೈಯನ್ನು ಕಳೆದುಕೊಂಡ ಚಾರ್ಲಿ ಮಕ್ಮಹನ್ ಉದ್ದ ಗಿಡ್ಡ ಮಾಡಬಲ್ಲ ಜಾರುಕೊಳವೆಯನ್ನು ಮಾಡಿದನು. ಯೂರೋಪಿನಲ್ಲಿ ಕತ್ತಾಳೆಯ ಕಾಂಡ, ಗಾಜು, ನೀರಿನ ಪ್ಲಾಸ್ಟಿಕ್ ಕೊಳವೆ, ಎಲ್ಲದರಲ್ಲಿಯೂ ಊದುವವರುಂಟು. ಗಂಟೆಗಟ್ಟಲೆ ಕಡಿಯದ ನಾದ, ಬಾಯಲ್ಲೇ ಮದ್ದಳೆಯ ವೇಗ, ಒಂದರ ಮೇಲೊಂದು ಕಹಳೆಯ ಸ್ವರ, ಇವು ಅವರ ಹೆಗ್ಗಳಿಕೆ. ಸ್ವಿಟ್ಜರ್‌ಲೆಂಡಿನ ವೈದ್ಯರಂತೂ ನಿದ್ರೆಯಲ್ಲಿ ಉಸಿರುಕಟ್ಟಿ ಗೊರಕೆ ಹೊಡೆಯುವ 25 ಮಂದಿಯನ್ನು ಆರಿಸಿ, ಕೆಲವರಿಂದ ನಾಲ್ಕು ತಿಂಗಳು ಇದನ್ನೂದಿಸಿ, ಹಗಲಿನ ತೂಕಡಿಕೆ ಕಡಮೆಯಾಯಿತೆಂದೂ ಜೊತೆಯಲ್ಲಿ ಮಲಗುವವರ ನಿದ್ರೆ ಸುಧಾರಿಸಿತೆಂದೂ 2006ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದರು. ಅದಕ್ಕೆ 2017ರಲ್ಲಿ ನೊಬೆಲಿನ ಅಣಕವಾದ ಇಗ್ ನೊಬೆಲ್ ಶಾಂತಿ ಪಾರಿತೋಷಕ ಬಂದಿತು. ಪ್ರತಿದಿನ ಮನೆಯಲ್ಲಿ ಈ ನಾದವನ್ನು ಕೇಳುವುದಕ್ಕಿಂತ ಗೊರಕೆಯೇ ವಾಸಿಯೆನ್ನುವ ಗೃಹಿಣಿಯರೂ ಇರಬಹುದು.

ಈ ಹೊಸತನವನ್ನು ಯಿಡಕಿಯ ನಾಡಿನವರು ಏನೆನ್ನುವರು? ಒಂದೇ ಉತ್ತರವಿಲ್ಲ. ಗಾಲ್ಪು ಕುಲದ ಒಬ್ಬ ಪ್ರಸಿದ್ಧ ಹಿರಿಯರು ಜಪಾನು, ಯೂರೋಪು, ಅಮೆರಿಕಗಳಿಂದ ಬಂದವರಿಗೆ ತಮ್ಮ ಕೈಯಿಂದಲೇ ಯಿಡಕಿಯನ್ನು ಮಾಡಿ ಕೊಟ್ಟು ಕಲಿಸಿದರು; ಈ ನಾದವು ಜನರನ್ನು ಕೂಡಿಸಬೇಕೆಂಬುದು ಅವರ ಮತ. 2017ರಲ್ಲಿ ಅಡಿಲೇಡಿನ ವಸ್ತುಸಂಗ್ರಹಾಲಯದಲ್ಲಿ ಯಿಡಕಿಯ ದೊಡ್ಡ ಪ್ರದರ್ಶನವಾದುದು ಅವರ ಮಾರ್ಗದರ್ಶನದಿಂದ. 2022ರಲ್ಲಿ ಅವರು ಕಾಲವಾದರು. ಮೃತರ ಹೆಸರನ್ನು ಕೆಲಕಾಲ ಉಚ್ಚರಿಸದಿರುವುದು ಅಲ್ಲಿಯ ಮರ್ಯಾದೆಯಾದುದರಿಂದ ನಾವೂ ಬರೆದಿಲ್ಲ. ನಮ್ಮ ಮುದುಕರ ನಿಲುವು ಇಷ್ಟು ಧಾರಾಳವಾಗಿರಲಿಲ್ಲ. ಕೊಳವೆಯನ್ನು ಯಾರು ಬೇಕಾದರೂ ಊದಲಿ, ಅದಕ್ಕೆ ತಮ್ಮ ಅಡ್ಡಿಯಿಲ್ಲವೆಂದರು. ಆದರೆ ಮನಿಕಾಯ್‌ನ ಬಡಿತವನ್ನು ಕದ್ದು ತಮ್ಮದೆಂದು ಮಾರುವವರು ಇನ್ನೊಬ್ಬರ ಹೊಲದಲ್ಲಿ ಬೇಲಿ ಹಾಕಿದವರಂತೆ. ತಮಗಿರುವ ನಿಜವಾದ ಅಂಜಿಕೆ ಅವರದಲ್ಲ, ಈ ಹುಡುಗನದೆಂದು ಅವನ ತಲೆ ನೇವರಿಸಿದರು. ಅವನು ದೂರವಾಣಿಯ ಪರದೆಯಲ್ಲಿ ಪರದೇಶದ ವಾದಕರ ವೇಗವನ್ನು ನೋಡಿ ಅದನ್ನೇ ಊದುತ್ತಾನೆ, ಬಲು ಚೆನ್ನಾಗಿ ಊದುತ್ತಾನೆ. ಆದರೆ ಅಂತ್ಯವಿಧಿಯೊಂದರಲ್ಲಿ ಗಾಯಕನು ಹಾಡೆತ್ತಿದಾಗ ಯಾವ ಬಡಿತವೆಂದು ತಿಳಿಯದೆ ಇನ್ನೊಬ್ಬನ ಮುಖ ನೋಡಿದನಂತೆ. ಹುಡುಗನು ನೆಲ ನೋಡಿದನು.

ನಮಗೆ ಹೊಸ ವಾದನದ ಮೇಲೆ ದ್ವೇಷವಿಲ್ಲ. ಬಾರ್ಟನ್ನರ ನಾದವನ್ನು ಕೇಳಿದವರು ಯಾರೂ ಹಾಗೆ ಹೇಳಲಾರರು. ಆದರೆ ಹೊಸದಕ್ಕೆ ಕಲಿಸುವವರು ಲೋಕದ ಎಲ್ಲ ಊರಿನಲ್ಲಿರುವರು. ಹಳೆಯದಕ್ಕೆ ಕೆಲವೇ ಮನೆಗಳಲ್ಲಿರುವರು, ಅವರಿಗೆ ವಯಸ್ಸಾಗಿದೆ. ಯಿರ್ಕಲದ ಕಲಾಕೇಂದ್ರದವರು 2007ರಿಂದ ಮುಲ್ಕ ಎಂಬ ಯೋಜನೆಯಲ್ಲಿ ಹಳೆಯ ಧ್ವನಿಮುದ್ರಣಗಳನ್ನೂ ಚಿತ್ರಗಳನ್ನೂ ಕೂಡಿಸಿಟ್ಟು ಕುಲದವರಿಗೆ ತಲಪಿಸುತ್ತಿರುವರು. ನಾವು ಹೊರಡುವ ದಿನ ಆ ಹುಡುಗನು ಅಲ್ಲಿಯೇ ಕಿವಿಗೆ ಯಂತ್ರ ತೊಟ್ಟು ಕುಳಿತು, ತೊಡೆಯ ಮೇಲೆ ಬೆರಳಿನಿಂದ ಏನನ್ನೋ ಎಣಿಸುತ್ತಿದ್ದನು.

ಹೋಗಲಿಚ್ಛಿಸುವ ವಾಚಕರಿಗೆ ಎರಡು ಮಾತು. ಅರ್ನಮ್ ಲ್ಯಾಂಡಿನ ಕುಲಭೂಮಿಯನ್ನು ಪ್ರವೇಶಿಸಲು ನಾರ್ದರ್ನ್ ಲ್ಯಾಂಡ್ ಕೌನ್ಸಿಲಿನ ಅನುಮತಿಪತ್ರ ಬೇಕು, ಅದಿಲ್ಲದೆ ಹೋಗಬಾರದು. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಒಣಗಾಲ, ಪ್ರಯಾಣಕ್ಕೆ ತಕ್ಕುದು; ಮಳೆಗಾಲದಲ್ಲಿ ಕ್ಯಾಥರಿನ್ನಿನಿಂದ ಬರುವ 430 ಮೈಲಿಯ ಮಣ್ಣುರಸ್ತೆ ಕೆಟ್ಟುಹೋಗುವುದು. ನಲನ್‌ಬಾಯಿಯಿಂದ ಇಪ್ಪತ್ತೈದು ಮೈಲಿಯ ಗುಳ್ಕುಲವೆಂಬ ಕಾಡಿನಲ್ಲಿ 1999ರಿಂದ ಗಾರ್ಮ ಎಂಬ ಉತ್ಸವ ನಡೆದುಬಂದಿದೆ. ಗನ್ಬುಲಬುಲನೆಂಬ ಆದಿಪುರುಷನು ಗುಮಚ್ ಕುಲಕ್ಕೆ ಯಿಡಕಿಯನ್ನು ಕೊಟ್ಟ ಸ್ಥಳವದು, ಸಂಜೆ ಅಲ್ಲಿ ಕುಲಕುಲದವರ ಕುಣಿತವನ್ನು ನೋಡಬಹುದು. ಯಿಡಕಿಯನ್ನು ಕೊಳ್ಳುವುದಾದರೆ ಮಾಡಿದವರ ಹೆಸರು ಕೇಳಿ ಕೊಳ್ಳಿರಿ. ತಂದಮೇಲೆ ಬಿಸಿಲಿಗೂ ಒಣಗಾಳಿಗೂ ಇಡಬೇಡಿರಿ. ತೇವದ ನಾಡಿನ ಮರ, ಬಯಲುಸೀಮೆಯ ಬೇಸಗೆಯಲ್ಲಿ ಒಂದೇ ತಿಂಗಳಿಗೆ ಸೀಳಿಬಿಡುವುದು.